ಗೆರೆ ಬಿದ್ದ ಮೇಕೆ

ನನ್ನ ಕುರ್ಚಿಯನ್ನು ಹುಡುಗಿಯ ಬೆನ್ನ ಹಿಂದೆ ಹಾಕಿದ್ದರು. ಪರೀಕ್ಷೆ ನಡೆಯುವಾಗ ತರಗತಿಯ ಶಿಕ್ಷಕಿ ಕೋಣೆಯಲ್ಲಿ ಇರಬೇಕು, ಆದರೆ ಮಗುವಿಗೆ ಅವರ ಮುಖ ಕಾಣಬಾರದು, ಅವರು ಮಾತಾಡಬಾರದು. ಕೆಮ್ಮು ಬಂದರೂ ಹೊರಗೆ ಹೋಗಿ ಕೆಮ್ಮಬೇಕು. ಹಾಗೆಂದು ನಿಯಮ. ಆದ್ದರಿಂದ ಆ ಬೆಳಿಗ್ಗೆ ನಾನು ಕಂಡದ್ದು ಹುಡುಗಿಯ ಎರಡು ಜಡೆ, ಭುಜ, ಮೇಜಿನ ಮೇಲೆ ಬಿಚ್ಚಿಟ್ಟ ಚಿತ್ರದ ಪುಸ್ತಕ, ಎದುರಿಗೆ ಕೂತಿದ್ದ ಪರೀಕ್ಷಕಿಯ ಮುಖ. ಕಾಣದೆ ಇದ್ದದ್ದು ಹುಡುಗಿಯ ಮುಖ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಆಮೇಲೆ ಆ ಮುಖದ ಬಗ್ಗೆ ಬಹಳ ಜನ ಬಹಳ ಖಚಿತವಾಗಿ ಮಾತಾಡಿದರು.

ಹುಡುಗಿ ನನ್ನ ಮೂರನೇ ತರಗತಿಯವಳು. ಶಿಡ್ಲಘಟ್ಟ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಎಲ್ಲರ ಮನೆಯಲ್ಲೂ ಇರುವ ಹಾಗೆ ಅವಳ ಮನೆಯಲ್ಲೂ ಹಿಪ್ಪುನೇರಳೆ ತೋಟ, ತೋಟದ ಪಕ್ಕದಲ್ಲಿ ರೇಷ್ಮೆ ಹುಳು ಸಾಕುವ ಮನೆ. ಅಪ್ಪ ಗೌರಿಬಿದನೂರಿನ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾನೆ, ವಾರಕ್ಕೊಮ್ಮೆ ಬರುತ್ತಾನೆ. ತೋಟ, ಹುಳು, ಎಮ್ಮೆ ಎಲ್ಲವನ್ನೂ ನೋಡಿಕೊಳ್ಳುವುದು ಅಮ್ಮ ಮತ್ತು ಅಜ್ಜಿ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಹುಡುಗಿ ಮಾತು ಕಡಿಮೆ. ಕೇಳಿದ್ದಕ್ಕೆ ತಡವಾಗಿ ಉತ್ತರ ಕೊಡುತ್ತಾಳೆ, ಆದರೆ ಕೊಡುತ್ತಾಳೆ. ಈ ತಡವೇ ಕಲಿಕೆಯಲ್ಲಿ ಹಿಂದೆ ಬಿದ್ದ ಮಕ್ಕಳ ಸಮೀಕ್ಷೆಗೆ ಬಂದಿದ್ದವರ ಕಣ್ಣಿಗೆ ಬಿದ್ದು ಅವಳ ಹೆಸರು ಪಟ್ಟಿಗೆ ಸೇರಿತ್ತು. ಈಗ ಈ ಪರೀಕ್ಷೆ. ಇದರಲ್ಲಿ ಅಂಕ ಕಡಿಮೆ ಬಂದರೆ ಬುದ್ಧಿಮಾಂದ್ಯ ಎಂದು ಕಾಗದ ಬರುತ್ತದೆ, ಅವಳನ್ನು ನಮ್ಮ ಶಾಲೆಯಿಂದ ಬಿಡಿಸಿ ಚಿಕ್ಕಬಳ್ಳಾಪುರದ ವಿಶೇಷ ಕೇಂದ್ರಕ್ಕೆ ಸೇರಿಸುತ್ತಾರೆ. ಆ ಕೇಂದ್ರ ಬೇಕಾದ ಮಕ್ಕಳಿದ್ದಾರೆ. ಅವರಿಗೆ ಅದು ನಿಜವಾಗಿ ಆಸರೆ. ನನ್ನ ಕೋಪ ಕೇಂದ್ರದ ಮೇಲಲ್ಲ.

ಪರೀಕ್ಷೆ ಎಲ್ಲೋ ದೂರದ ದೇಶದಲ್ಲಿ ಹುಟ್ಟಿದ್ದು. ಅದನ್ನು ನಮ್ಮ ಜಿಲ್ಲೆಯ ಮಕ್ಕಳಿಗೆ ಹೊಂದಿಸುವ ಕೆಲಸ ಅದಕ್ಕೂ ಒಂದು ವರ್ಷ ಹಿಂದೆ ಚಿಕ್ಕಬಳ್ಳಾಪುರದಲ್ಲಿ ನಡೆದಿತ್ತು. ಎರಡು ಭಾಷೆ ಬಲ್ಲವಳು ಎಂದು ನನ್ನನ್ನೂ ಕರೆದಿದ್ದರು. ನಾನು ಗೌರಿಬಿದನೂರಿನವಳು, ಬೆಳೆದದ್ದು ಅರ್ಧ ಕನ್ನಡ ಅರ್ಧ ತೆಲುಗಿನ ಬೀದಿಯಲ್ಲಿ. ಬೆಂಗಳೂರಿನಿಂದ ಬಂದಿದ್ದ ತಜ್ಞರು ಮೇಜಿನ ತಲೆಯಲ್ಲಿ ಕೂತು ಒಂದೊಂದೇ ಪ್ರಶ್ನೆ ಓದುತ್ತಿದ್ದರು. ಸೌಮ್ಯ ಸ್ವಭಾವದವರು. ಯಾರ ಮೇಲೂ ದನಿ ಎತ್ತಲಿಲ್ಲ. ಸೇಬು ಮಾವಿನಹಣ್ಣಾಯಿತು. ಪರದೇಶದ ಹುಡುಗನ ಹೆಸರು ಹೋಗಿ ನಮ್ಮ ಹೆಸರು ಬಂತು. ಹಿಮದ ಬೊಂಬೆ ಮಾಡುವ ಪ್ರಶ್ನೆ ಮರಳಿನ ಮನೆ ಕಟ್ಟುವ ಪ್ರಶ್ನೆಯಾಯಿತು. ಪ್ರತಿ ಬದಲಾವಣೆಗೂ ತಜ್ಞರು ತಲೆ ಆಡಿಸಿ, "ಈಗ ಇದು ಸಂಪೂರ್ಣ ನಮ್ಮದು," ಎನ್ನುತ್ತಿದ್ದರು.

ಒಂದು ಪ್ರಶ್ನೆ ಹೀಗಿತ್ತು: ಮನೆಯಲ್ಲಿ ನೀನೊಬ್ಬಳೇ ಇರುವಾಗ ಗುರುತಿಲ್ಲದವರು ಬಂದು ಬಾಗಿಲು ತಟ್ಟಿದರೆ ಏನು ಮಾಡುತ್ತೀಯ? ಬಾಗಿಲು ತೆಗೆಯುವುದಿಲ್ಲ ಎಂದರೆ ಪೂರ್ತಿ ಅಂಕ. ನಮ್ಮ ಹಳ್ಳಿಗಳಲ್ಲಿ ಹಗಲು ಹೊತ್ತು ಬಾಗಿಲು ಹಾಕುವುದೇ ಇಲ್ಲ, ಬಂದವರಿಗೆ ಮಕ್ಕಳು ನೀರು ಕೊಟ್ಟು ಕೂರಿಸಿ ತೋಟಕ್ಕೆ ಓಡಿಹೋಗಿ ದೊಡ್ಡವರನ್ನು ಕರೆದುಕೊಂಡು ಬರುತ್ತಾರೆ, ಅದು ಬುದ್ಧಿಯ ಕೆಲಸವೇ ಅಲ್ಲವೇ ಎಂದು ಕೇಳಿದೆ.

"ಅದು ಒಳ್ಳೆಯ ಸಂಸ್ಕಾರ ಮೇಡಂ. ಆದರೆ ನಾವು ಅಳೆಯೋದು ಸಂಸ್ಕಾರ ಅಲ್ಲ," ಎಂದರು ತಜ್ಞರು.

ಮಗು ತೆಲುಗಿನಲ್ಲೋ ಉರ್ದುವಿನಲ್ಲೋ ಉತ್ತರ ಹೇಳಿದರೆ ಅದಕ್ಕೂ ಅಂಕ ಕೊಡಬೇಕು ಎಂದೆ. ಕನ್ನಡ ಮಾಧ್ಯಮದ ಶಾಲೆ, ಕನ್ನಡದ ಪರೀಕ್ಷೆ, ಉತ್ತರವೂ ಕನ್ನಡದಲ್ಲೇ ಇರಬೇಕು ಎಂದರು. ಕೈವಾರದ ಕಡೆಯಿಂದ ಬಂದಿದ್ದ ಒಬ್ಬ ಮೇಷ್ಟ್ರು ಸುಮ್ಮನೆ ಕೂರುವವರಲ್ಲ.

"ಸಾರ್, ನಮ್ಮ ಚಿಂತಾಮಣಿ ಕಡೆ ಹುಡುಗ್ರು ಪಾಠ ಕನ್ನಡದಾಗೆ ಒಪ್ಪಿಸ್ತಾರೆ, ಜಗಳ ತೆಲುಗಿನಾಗೆ ಆಡ್ತಾರೆ. ಬುದ್ಧಿ ಜಾಸ್ತಿ ಖರ್ಚಾಗೋದು ಜಗಳಕ್ಕೇ. ನೀವು ಯಾವುದಕ್ಕೆ ಮಾರ್ಕ್ಸ್ ಕೊಡ್ತೀರ?"

ಎಲ್ಲರೂ ನಕ್ಕರು. ತಜ್ಞರೂ ನಕ್ಕರು. ನಗು ಮುಗಿದ ಮೇಲೆ ಮುಂದಿನ ಪ್ರಶ್ನೆ ಓದಿದರು.

ಚಿತ್ರದ ಭಾಗಕ್ಕೆ ಬಂದಾಗ ಸಂಜೆಯಾಗಿತ್ತು. ಒಂದೊಂದು ಸಾಲಿನಲ್ಲಿ ನಾಲ್ಕು ಚಿತ್ರ. ಮೂರು ಒಂದು ಜಾತಿಯವು, ಒಂದು ಬೇರೆ. ಮಗು ಆ ಬೇರೆಯದನ್ನು ಬೆರಳಿಟ್ಟು ತೋರಿಸಬೇಕು. "ಈ ಸಾಲಿನಲ್ಲಿ ಯಾವುದು ಇರಬಾರದು, ತೋರಿಸು" ಎಂದು ಪರೀಕ್ಷಕರು ಹೇಳಬೇಕು, ಅದಕ್ಕಿಂತ ಒಂದು ಮಾತು ಹೆಚ್ಚಿಲ್ಲ, ಕಡಿಮೆ ಇಲ್ಲ. ಇದನ್ನು ನಮ್ಮ ಮಕ್ಕಳ ಮುಂದೆ ಒಮ್ಮೆ ಇಟ್ಟು ನೋಡೋಣವೇ ಎಂದು ಯಾರೋ ಕೇಳಿದರು. ತಜ್ಞರು ಪುಸ್ತಕ ಮುಚ್ಚಿದರು.

"ಚಿತ್ರಕ್ಕೆ ಭಾಷೆ ಇಲ್ಲ. ಇದನ್ನ ಮುಟ್ಟೋ ಅಗತ್ಯವೇ ಇಲ್ಲ."

ಆಮೇಲೆ ಇಡೀ ಪರೀಕ್ಷೆಯನ್ನು ಮಕ್ಕಳ ಮೇಲೆ ಪ್ರಯೋಗಿಸಿ ನೋಡಿದ್ದೂ ಉಂಟು. ಚಿಕ್ಕಬಳ್ಳಾಪುರ ಪೇಟೆಯ ಒಂದು ಖಾಸಗಿ ಶಾಲೆಯಲ್ಲಿ. ಅದು ಬಸ್‌ ನಿಲ್ದಾಣಕ್ಕೆ ಹತ್ತಿರ.

ಪರೀಕ್ಷೆಯ ದಿನ ನಮ್ಮ ಶಾಲೆಗೆ ಬಂದವಳು ಗುತ್ತಿಗೆಯ ಮೇಲೆ ನೇಮಕವಾಗಿದ್ದ ಚಿಕ್ಕ ವಯಸ್ಸಿನ ಪರೀಕ್ಷಕಿ. ತುಮಕೂರಿನ ಕಡೆಯವಳು, ತೆಲುಗು ಬಾರದು. ಅಂದು ಅವಳು ಇನ್ನೂ ಎರಡು ಊರಿಗೆ ಹೋಗಬೇಕಿತ್ತು. ಅವಳೇನೂ ಕೆಟ್ಟವಳಲ್ಲ. ಹುಡುಗಿಗೆ ಒಂದು ಬಿಸ್ಕತ್ತು ಕೊಟ್ಟಳು, "ಪುಟ್ಟ" ಎಂದು ಕರೆದಳು. ಮಾತಿನ ಪ್ರಶ್ನೆಗಳು ಮೊದಲು. ಗುರುತಿಲ್ಲದವರು ಬಂದರೆ ಏನು ಮಾಡುತ್ತೀಯ ಎಂದಾಗ ಹುಡುಗಿ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಮೆಲ್ಲಗೆ ಹೇಳಿದಳು.

"ನೀಳ್ಳು ಇಸ್ತಾ."

ನೀರು ಕೊಡ್ತೀನಿ ಎಂದು ತೆಲುಗಿನಲ್ಲಿ ಹೇಳಿದ್ದಳು. ಪರೀಕ್ಷಕಿ ನನ್ನ ಕಡೆ ನೋಡಿದಳು. ನಾನು ಬಾಯಿ ತೆರೆಯುವ ಹಾಗಿಲ್ಲ. ಅವಳು ಸೊನ್ನೆ ಬರೆದಳು. ನೋಡುವುದಕ್ಕೆ ಬಹಳ ಸಣ್ಣ ಕೆಲಸ, ಪೆನ್ನಿನ ಒಂದು ಸುತ್ತು.

ಆಮೇಲೆ ಚಿತ್ರ. ಮೊದಲ ಹಾಳೆ ದಪ್ಪ ಕಾಗದದ್ದು, ಬಣ್ಣದ್ದು. ಮಾವು, ಬಾಳೆ, ಸೀಬೆ, ಕುರ್ಚಿ. ಹುಡುಗಿ ಕುರ್ಚಿಯ ಮೇಲೆ ಬೆರಳಿಟ್ಟಳು. ಆ ಹಾಳೆಯ ಎಲ್ಲ ಸಾಲುಗಳನ್ನೂ ಸರಿಯಾಗಿ ತೋರಿಸಿದಳು. ನನ್ನ ಎದೆ ಸ್ವಲ್ಪ ಹಗುರವಾಯಿತು. ಎರಡನೇ ಹಾಳೆಯಿಂದ ಮುಂದಿನದೆಲ್ಲ ಜೆರಾಕ್ಸ್. ಅಸಲು ಪುಸ್ತಕ ಹರಿದುಹೋಗಿತ್ತೋ, ಎಲ್ಲರಿಗೂ ಸಾಲದೆ ಬಂದಿತ್ತೋ ತಿಳಿಯದು. ಜೆರಾಕ್ಸ್ ಯಂತ್ರದ ದೋಷದಿಂದ ಪ್ರತಿ ಹಾಳೆಯಲ್ಲೂ ಮೇಲಿಂದ ಕೆಳಗೆ ಒಂದು ಕಪ್ಪು ಗೆರೆ ಬಿದ್ದಿತ್ತು. ನನ್ನ ಕುರ್ಚಿಗೂ ಅದು ಕಾಣುತ್ತಿತ್ತು. ನಮಗೆ ಬರುವ ಸುತ್ತೋಲೆಗಳಲ್ಲಿ ಇಂಥ ಗೆರೆ ದಿನವೂ ನೋಡುತ್ತೇವೆ, ಕಣ್ಣು ಅದನ್ನು ದಾಟಿ ಓದುತ್ತದೆ.

ಹಸು, ನಾಯಿ, ಮೇಕೆ, ಬಕೆಟ್ಟು. ಹುಡುಗಿ ಹಾಳೆಯನ್ನು ಎರಡು ಕೈಯಲ್ಲಿ ಎತ್ತಿ ಕಿಟಕಿಯ ಬೆಳಕಿಗೆ ಸ್ವಲ್ಪ ವಾಲಿಸಿದಳು. ಚಿತ್ರಗಳ ಮೇಲೆ ಹೆಬ್ಬೆರಳು ಆಡಿಸಿದಳು. ಕೆಳಗಿಟ್ಟು ಮೇಕೆಯನ್ನು ತೋರಿಸಿದಳು.

"ಸರಿಯಾಗಿ ನೋಡು ಪುಟ್ಟ," ಎಂದಳು ಪರೀಕ್ಷಕಿ. ಅಷ್ಟು ಹೇಳುವುದಕ್ಕೂ ನಿಯಮದಲ್ಲಿ ಅವಕಾಶವಿಲ್ಲ, ಆದರೂ ಹೇಳಿದಳು.

ಹುಡುಗಿ ಮತ್ತೆ ಹಾಳೆ ಎತ್ತಿ ನೋಡಿದಳು. ಮತ್ತೆ ಮೇಕೆ. ಮುಂದಿನ ಸಾಲು ಬಸ್ಸು, ಎತ್ತಿನ ಗಾಡಿ, ಸೈಕಲ್, ಹುಣಸೆ ಮರ. ಸೈಕಲ್ ತೋರಿಸಿದಳು. ಅದರ ಮುಂದಿನದಕ್ಕೂ ಮೂರನೆಯದು. ಹಾಳೆ ತಿರುಗಿತು. ಮತ್ತೆ ಮೂರನೆಯದು. ಎಲ್ಲೋ ಒಂದು ಸಾಲಿನಲ್ಲಿ ಸರಿಯುತ್ತರವೇ ಮೂರನೆಯದಾಗಿತ್ತು, ಅದಕ್ಕೆ ಅಂಕ ಸಿಕ್ಕಿತು. ಕೊನೆಕೊನೆಗೆ ಪರೀಕ್ಷಕಿ ನೋಡುವುದನ್ನು ಬಿಟ್ಟು ಬರೆಯುತ್ತಲೇ ಹೋದಳು. ಹುಡುಗಿ ಮಾತ್ರ ಪ್ರತಿ ಹಾಳೆಯನ್ನೂ ಅಷ್ಟೇ ಎಚ್ಚರದಿಂದ ಬೆಳಕಿಗೆ ಹಿಡಿಯುತ್ತಿದ್ದಳು. ಆಟ ಆಡುವ ಮಗು ಹಾಗೆ ಮಾಡುವುದಿಲ್ಲ. ಏನೂ ತಿಳಿಯದ ಮಗುವೂ ಹಾಗೆ ಮಾಡುವುದಿಲ್ಲ. ಇದು ನನಗೆ ಅಲ್ಲೇ ಅನ್ನಿಸಿತು. ಆದರೆ ಅದು ಏನು ಎಂದು ತಿಳಿಯಲಿಲ್ಲ.

ವರದಿ ಬಂತು. ಮಗು ಪ್ರಶ್ನೆಯನ್ನು ಗ್ರಹಿಸಿಲ್ಲ. ಸ್ಥಾನವನ್ನು ಮಾತ್ರ ಗುರುತಿಟ್ಟುಕೊಂಡು ಒಂದೇ ಜಾಗವನ್ನು ತೋರಿಸುತ್ತದೆ. ಹಾಳೆಯನ್ನು ಅನಗತ್ಯವಾಗಿ ಅಲುಗಿಸುತ್ತದೆ. ಮುಖದಲ್ಲಿ ಆಸಕ್ತಿಯ ಚಿಹ್ನೆ ಕಾಣಲಿಲ್ಲ. ಕೆಳಗೆ ಬುದ್ಧಿಮಟ್ಟದ ಅಂಕಿ, ಅದರ ಮುಂದೆ ಬುದ್ಧಿಮಾಂದ್ಯ ಎಂಬ ಆ ಪದ. ಪೋಷಕರ ಸಹಿಗೆ ಜಾಗ ಬಿಟ್ಟಿದ್ದರು. ಅದನ್ನು ಮನೆಗೆ ತಲುಪಿಸಿ ಸಹಿ ತರುವ ಕೆಲಸ ನನ್ನದಾಯಿತು.

ನಾನು ಹೋದ ದಿನ ಆ ಮನೆಯಲ್ಲಿ ಗೂಡು ಬಿಡಿಸುತ್ತಿದ್ದರು. ಮರುದಿನ ಬೆಳಿಗ್ಗೆ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಹೋಗಬೇಕಿತ್ತು. ಜಗುಲಿಯ ಮೇಲೆ ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ಒರಗಿಸಿ, ಅವಕ್ಕೆ ಅಂಟಿದ್ದ ಹಳದಿ ಗೂಡುಗಳನ್ನು ಅಮ್ಮ ಒಂದೊಂದಾಗಿ ಕಿತ್ತು ರಾಶಿ ಹಾಕುತ್ತಿದ್ದಳು. ರಾಶಿಯ ಎದುರಿಗೆ ಅಜ್ಜಿ, ಅಜ್ಜಿಯ ಪಕ್ಕದಲ್ಲಿ ಶಾಲೆಯ ಯೂನಿಫಾರ್ಮಿನಲ್ಲೇ ನನ್ನ ಹುಡುಗಿ.

"ಬನ್ನಿ ಟೀಚರಮ್ಮ, ಕೂತ್ಕೊಳಿ. ಚಪ್ಲಿ ಆ ಕಡೆ ಬಿಡಿ, ಹುಳದ ಮನೆ ಬಾಗ್ಲಿದು. ಹುಳಕ್ಕೆ ವಾಸ್ನೆ ಆಗಲ್ಲ, ಸೆಂಟು ಗಿಂಟು ಹಾಕ್ಕೊಂಡಿಲ್ಲ ತಾನೆ?" ಎಂದಳು ಅಜ್ಜಿ.

"ಇಲ್ಲಮ್ಮ."

"ಹಾಕ್ಕೊಂಡಿದ್ರೂ ಈಗ ಪರ್ವಾಗಿಲ್ಲ ಬಿಡಿ. ಗೂಡು ಕಟ್ಟಿ ಆಯ್ತು. ಹೋದ ಸಾರಿ ನಮ್ಮ ಅಳಿಯ ಬಂದಿದ್ದ, ಮದುವೆ ಗಂಡಿನ ಥರ ಘಮ್ಮಂತ. ಒಳಕ್ಕೆ ಬಿಡ್ಲಿಲ್ಲ ನಾನು. ಇನ್ನೂ ಮುನಿಸ್ಕೊಂಡವ್ನೆ."

ಅಮ್ಮ ನಗಲಿಲ್ಲ. ನಾನು ಬಂದ ಕೆಲಸ ಅವಳಿಗೆ ಗೊತ್ತಿತ್ತು. "ಏನಂತೆ ಮಿಸ್?" ಎಂದಳು, ಗೂಡಿನಿಂದ ಕೈ ತೆಗೆಯದೆ.

ಹೇಳಿದೆ. ಹುಡುಗಿಯ ಮುಂದೆ ಹೇಳಬಾರದೆಂದು ತಗ್ಗಿದ ದನಿಯಲ್ಲಿ ಹೇಳಿದೆ. ಅಮ್ಮನ ಕೈ ನಿಂತಿತು. ಅಜ್ಜಿಗೆ ಅರ್ಧ ಕೇಳಿಸಿತು.

"ಚಿಕ್ಕಬಳ್ಳಾಪುರಕ್ಕಾ? ಅಲ್ಲಿಗೆ ಬಸ್ಸು ಬರ್ತೈತಂತಲ್ಲ, ಮನೆ ಬಾಗ್ಲಿಗೇ. ಊಟಾನೂ ಹಾಕ್ತಾರಂತೆ. ಹೋಗ್ಲಿ ಬಿಡೇ, ಏನಾಯ್ತೀಗ."

"ನೀನು ಸುಮ್ನಿರತ್ತೆ," ಎಂದಳು ಅಮ್ಮ. "ಅದು ಯಾವ ಸ್ಕೂಲು ಅಂತ ಗೊತ್ತೇನು ನಿಂಗೆ? ನಾಳೆ ಇವಳನ್ನ ಯಾರಾದ್ರೂ ಹುಚ್ಚಿ ಅಂದ್ರೆ ಬಸ್ಸು ಬಂದು ಬಾಯಿ ಮುಚ್ಚಿಸ್ತೈತಾ?"

ಅಜ್ಜಿ ಮತ್ತೆ ಗೂಡಿನ ರಾಶಿಗೆ ಕೈ ಹಾಕಿದಳು. ನಾನು ಹುಡುಗಿಯ ಕೈ ನೋಡುತ್ತಾ ಕೂತೆ. ಅವಳು ರಾಶಿಯಿಂದ ಗೂಡು ಎತ್ತುತ್ತಾಳೆ, ಜಗುಲಿಯ ಆಚೆಗಿನ ಬೆಳಕಿಗೆ ಹಿಡಿಯುತ್ತಾಳೆ, ಹೆಬ್ಬೆರಳು ಆಡಿಸುತ್ತಾಳೆ. ಚೆನ್ನಾಗಿದ್ದರೆ ಬಿದಿರ ಬುಟ್ಟಿಗೆ. ಒಳಗೆ ಹುಳು ಸತ್ತು ಕಪ್ಪು ಕಲೆ ಬಿದ್ದಿದ್ದರೆ ಪಕ್ಕದ ಹಳೇ ಟಬ್ಬಿಗೆ. ಕೈ ಎಲ್ಲೂ ತಡೆಯುತ್ತಿರಲಿಲ್ಲ. ಕ್ಲಾಸಿನಲ್ಲಿ ನಾನು ಕಂಡ ತಡ ಇಲ್ಲಿ ಇರಲೇ ಇಲ್ಲ. ಹಾಳೆಯನ್ನು ಕಿಟಕಿಗೆ ವಾಲಿಸಿದ ಆ ಎರಡು ಕೈ ನನ್ನ ಕಣ್ಣಿಗೆ ಕಟ್ಟಿತು.

ಆಗ ನಾನು ಪರೀಕ್ಷೆಯ ನಿಯಮದಲ್ಲಿ ಇಲ್ಲದ್ದನ್ನು ಕೇಳಿದೆ. ಉತ್ತರ ಏನೇ ಇರಲಿ, ಯಾಕೆ ಎಂದು ಮಗುವನ್ನು ಕೇಳಬಾರದು ಎಂದು ಆ ಪುಸ್ತಕದ ಮೊದಲ ಪುಟದಲ್ಲೇ ಇದೆ.

"ಅವತ್ತು ಮೇಕೆ ಯಾಕೆ ತೋರಿಸ್ದೆ ಚಿನ್ನ?"

ಅವಳು ಗೂಡು ನೋಡುತ್ತಲೇ ಹೇಳಿದಳು. "ಅದರ ಕುತ್ತಿಗೆ ಮೇಲೆ ಗೆರೆ ಬಿದ್ದಿತ್ತಲ್ಲ ಮಿಸ್."

"ಸೈಕಲ್?"

"ಅದರ ಮೇಲೂ ಇತ್ತು. ಎಲ್ಲಾ ಸಾಲಿನಾಗೂ ಒಂದೊಂದು ಹಾಳಾಗಿತ್ತು."

"ಬಕೆಟ್ಟು?"

ಅವಳು ನನ್ನನ್ನು ನೋಡಿದಳು. ಮಿಸ್‌ಗೆ ಇಷ್ಟೂ ಗೊತ್ತಿಲ್ಲವೇ ಎನ್ನುವ ನೋಟ. "ಬಕೆಟ್ಟು ಚೆನ್ನಾಗೇ ಇತ್ತಲ್ಲ."

"ಮೊದಲ್ನೇ ಹಾಳೇಲಿ ಕುರ್ಚಿ ಯಾಕೆ ತೋರಿಸ್ದೆ ಮತ್ತೆ?"

"ಅದರಾಗೆ ಯಾವುದೂ ಹಾಳಾಗಿರ್ಲಿಲ್ಲ. ಕಲೇದು ಇಲ್ದಿದ್ರೆ ಆಮೇಲೆ ಬೇರೆ ಜಾತೀದು ತೆಗೀಬೇಕು. ಮೊದ್ಲು ಕಲೇದು."

"ಮೊದ್ಲು ಕಲೇದು," ಎಂದಳು ಅಜ್ಜಿಯೂ, ತನ್ನ ಪಾಠ ಮೊಮ್ಮಗಳು ಸರಿಯಾಗಿ ಒಪ್ಪಿಸಿದಳೆಂಬ ಹೆಮ್ಮೆಯಿಂದ. "ಒಂದು ಕಲೆ ಗೂಡು ಒಳಗೆ ಉಳಿದ್ರೆ ಪಕ್ಕದ ಹತ್ತಕ್ಕೆ ಹತ್ತಿಸ್ತದೆ ಟೀಚರಮ್ಮ."

ನಾನು ಕೈಚೀಲದಿಂದ ಒಂದು ಬಿಳಿ ಹಾಳೆ ತೆಗೆದು ಅಲ್ಲೇ ಹಸು, ನಾಯಿ, ಮೇಕೆ, ಬಕೆಟ್ಟು ಬರೆದೆ. ನನ್ನ ಚಿತ್ರ ಚೆನ್ನಾಗಿರುವುದಿಲ್ಲ. ಹುಡುಗಿ ನಾಯಿಯನ್ನು ನೋಡಿ ನಕ್ಕಳು. ನಕ್ಕು ಬಕೆಟ್ಟಿನ ಮೇಲೆ ಬೆರಳಿಟ್ಟಳು. ಬಸ್ಸು, ಗಾಡಿ, ಸೈಕಲ್, ಮರ ಬರೆದೆ. ಮರ. ನೆನಪಿದ್ದ ಸಾಲುಗಳನ್ನೆಲ್ಲ ಬರೆದೆ. ಒಂದೂ ತಪ್ಪಲಿಲ್ಲ. ಹಾಳೆಯನ್ನು ಮಡಿಸಿ ಕೈಚೀಲಕ್ಕೆ ಹಾಕಿಕೊಂಡೆ. ನನಗೆ ಆದದ್ದು ಮೊದಲು ಸಂತೋಷ ಎಂದುಕೊಂಡೆ. ಅಲ್ಲ. ಅದು ಸಿಟ್ಟು. ಒಂದು ಮಗು ತನ್ನ ಮನೆಯವರು ಕಲಿಸಿದ ಕೆಲಸವನ್ನು, ಅವರು ಕಲಿಸಿದ ಕ್ರಮದಲ್ಲೇ, ಒಂದು ಸಾಲನ್ನೂ ಬಿಡದೆ ಮಾಡಿ ಮುಗಿಸಿದೆ. ಅದನ್ನು ನೋಡಿದವರು ಅದಕ್ಕೆ ಮಂದಬುದ್ಧಿ ಎಂದು ಹೆಸರಿಟ್ಟಿದ್ದಾರೆ. ಅವರಿಗೆ ಬೇಕಾಗಿದ್ದದ್ದು ಒಂದು ಶಬ್ದ. ಯಾಕೆ. ಅಷ್ಟು ಕೇಳಿದ್ದರೆ ಸಾಕಿತ್ತು.

ನಾನು ಸಹಿ ಹಾಕಿಸಲಿಲ್ಲ. ಕಾಗದ ವಾಪಸ್ ತಂದೆ, ಮರುಪರೀಕ್ಷೆ ಮಾಡಬೇಕೆಂದು ಬರೆದೆ. ಉತ್ತರವಾಗಿ ತಾಯಿಯನ್ನೂ ಮಗುವನ್ನೂ ಕರೆದುಕೊಂಡು ಚಿಕ್ಕಬಳ್ಳಾಪುರಕ್ಕೆ ಬನ್ನಿ, ತಜ್ಞರು ಬರುತ್ತಾರೆ ಎಂದು ಫೋನು ಬಂತು.

ಬಸ್ಸಿನಲ್ಲಿ ಹುಡುಗಿ ಕಿಟಕಿಯ ಪಕ್ಕ ಕೂತಿದ್ದಳು. ದೂರದಲ್ಲಿ ಸ್ಕಂದಗಿರಿ ಕಂಡಾಗ, "ಆ ಬೆಟ್ಟದ ಮೇಲೆ ರಾತ್ರಿ ಹೊತ್ತು ಟಾರ್ಚು ಹಿಡ್ಕೊಂಡು ಹತ್ತೋಕೆ ಬೆಂಗಳೂರಿಂದ ಬರ್ತಾರಂತೆ, ಯಾಕೆ ಮಿಸ್?" ಎಂದು ಕೇಳಿದಳು. ಸೂರ್ಯ ಹುಟ್ಟೋದು ನೋಡೋಕೆ ಎಂದೆ. "ಅವರ ಊರಾಗೆ ಹುಟ್ಟಲ್ವಾ?" ಎಂದಳು. ಅಮ್ಮ ಆ ದಿನ ಮೊದಲ ಸಲ ನಕ್ಕಳು. ಈ ಮಾತನ್ನು ತಜ್ಞರ ಮುಂದೆ ಹೇಳಬೇಕೆಂದು ನಾನು ಮನಸ್ಸಿನಲ್ಲಿ ಇಟ್ಟುಕೊಂಡೆ. ಹೇಳುವ ಅವಕಾಶ ಬರಲಿಲ್ಲ.

ಕೋಣೆಯಲ್ಲಿ ತಜ್ಞರು, ಅದೇ ಪರೀಕ್ಷಕಿ, ನಾವು ಮೂವರು. ತಜ್ಞರು ನನ್ನ ಮಾತನ್ನು ಪೂರ್ತಿ ಕೇಳಿದರು. ಗೆರೆ ಬಿದ್ದ ಪುಸ್ತಕ ತರಿಸಿ ನೋಡಿದರು. ಗೆರೆ ಇರುವುದನ್ನು ಒಪ್ಪಿದರು. ಆಮೇಲೆ ಹೇಳಿದರು.

"ಇದೇ ಪುಸ್ತಕವನ್ನ ಬೇರೆ ಮಕ್ಕಳಿಗೂ ತೋರಿಸಿದೀವಿ. ಎಷ್ಟೋ ಮಕ್ಕಳು ಗೆರೆಯನ್ನ ಬಿಟ್ಟು ಚಿತ್ರ ನೋಡಿದಾರೆ. ಮುಖ್ಯವಾದದ್ದನ್ನ ಮುಖ್ಯವಲ್ಲದ್ದರಿಂದ ಬೇರ್ಪಡಿಸೋದೇ ಬುದ್ಧಿ ಮೇಡಂ."

"ಮುಖ್ಯ ಅಂತ ಯಾರು ಹೇಳೋದು ಸರ್? ಅವಳ ಮನೇಲಿ ಮೊದಲು ನೋಡೋದೇ ಕಲೆ."

"ಪ್ರತಿ ಮನೆಗೂ ಒಂದು ಪರೀಕ್ಷೆ ಮಾಡೋಕಾಗಲ್ಲ."

"ಪ್ರತಿ ಮನೆಗೂ ಬೇಡ. ಗೆರೆ ಇಲ್ಲದ ಒಂದು ಹಾಳೆ ತೋರಿಸಿ. ಈಗಲೇ. ನಿಮ್ಮ ಮುಂದೆ."

ಆಗುವುದಿಲ್ಲವಂತೆ. ಒಮ್ಮೆ ನೋಡಿದ ಮಗು ಅಭ್ಯಾಸದಿಂದ ಹೇಳಿಬಿಡುತ್ತದೆ, ಸಾಕಷ್ಟು ಕಾಲ ಕಳೆಯಬೇಕು. ಅಲ್ಲದೆ ಶಿಕ್ಷಕಿ ಮನೆಗೆ ಹೋಗಿ ಪರೀಕ್ಷೆಯ ಚಿತ್ರಗಳನ್ನು ಬರೆದು ತೋರಿಸಿದ್ದಾರೆ. "ನೀವು ಮಗುವಿಗೆ ಹೇಳಿಕೊಟ್ಟಿದೀರಿ ಅಂತ ನಾನು ದಾಖಲು ಮಾಡಬೇಕಾಗುತ್ತೆ. ಬೇಜಾರು ಮಾಡ್ಕೋಬೇಡಿ." ದನಿಯಲ್ಲಿ ಅದೇ ಸೌಮ್ಯತೆ. ಆ ಸೌಮ್ಯತೆಯನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಕೂಗಾಡುವವರ ಎದುರು ಕೂಗಾಡಬಹುದು. ಇವರು ನಮ್ಮ ಮಗುವನ್ನು ಕಿತ್ತುಕೊಳ್ಳುತ್ತಿದ್ದರು ಮತ್ತು ನೀರು ಬೇಕೇ ಎಂದು ಕೇಳುತ್ತಿದ್ದರು.

ಪರೀಕ್ಷಕಿ ತಲೆ ತಗ್ಗಿಸಿ ಕೂತಿದ್ದಳು. ಒಮ್ಮೆ ಬಾಯಿ ತೆರೆದಳು. "ಸರ್, ಮೊದಲನೇ ಹಾಳೆ ಎಲ್ಲಾ ಸರಿ ಹೇಳಿದ್ಲು ಸರ್. ಅದು ಅಸಲು ಹಾಳೆ." ತಜ್ಞರು ಅವಳ ಕಡೆ ತಿರುಗಿ ನೋಡಿದರು. ಅವಳ ಗುತ್ತಿಗೆ ಪ್ರತಿ ವರ್ಷ ಇವರ ಕೈಯಿಂದಲೇ ಮುಂದುವರಿಯಬೇಕು. ಮತ್ತೆ ಮಾತಾಡಲಿಲ್ಲ. ಆದರೆ ಅಷ್ಟು ಹೇಳಿದಳು. ಅದನ್ನು ಇಲ್ಲಿ ಬರೆದಿಡಬೇಕು.

ತಜ್ಞರು ಕಾಗದವನ್ನು ಅಮ್ಮನ ಕಡೆ ಸರಿಸಿದರು. "ಇಲ್ಲೊಂದು ಸಹಿ ಮಾಡಮ್ಮ. ಮಗುವಿಗೆ ಒಳ್ಳೇದಾಗುತ್ತೆ. ಮುಂದೆ ಪರಿಸ್ಥಿತಿ ಸುಧಾರಿಸಿದ್ರೆ ವಾಪಸ್ ಬರಬಹುದು."

"ಇವರಪ್ಪನ್ನ ಕೇಳ್ಬೇಕು ಸಾರ್."

"ಸರಿ, ಅವರು ಬರಲಿ."

"ಬಂದ್ರೂ ಇದೇ ಸಾರ್." ಅಮ್ಮ ಗೆರೆ ಬಿದ್ದ ಪುಸ್ತಕವನ್ನು ಎತ್ತಿಕೊಂಡಳು. ಅವಳೂ ಅದನ್ನು ಕಿಟಕಿಯ ಬೆಳಕಿಗೆ ವಾಲಿಸಿದಳು. ಮಗಳು ಮಾಡಿದ ಹಾಗೆಯೇ. "ನಾವು ಮಾರ್ಕೆಟ್ಗೆ ಕಲೆ ಗೂಡು ತಗಂಡೋದ್ರೆ ನಮ್ಮನ್ನ ಬೈತಾರೆ, ಗೂಡನ್ನ ಬೈಯಲ್ಲ. ನೀವು ಕಲೆ ಬಿದ್ದ ಪೇಪರು ತಂದ್ರಿ. ಅದನ್ನ ನಿಮಗೆ ತೋರಿಸಿಕೊಟ್ಟವಳು ಇವಳೊಬ್ಳೇ. ಇವಳನ್ನ ಆಚೆಗೆ ಹಾಕ್ತೀನಿ ಅಂತೀರ."

ತಜ್ಞರು ನಕ್ಕರು. "ಜೋರಾಗಿದೀರಮ್ಮ," ಎಂದರು. ಅವರಿಗೆ ಏನೂ ತಟ್ಟಲಿಲ್ಲ. ಇದನ್ನು ಸ್ಪಷ್ಟವಾಗಿ ಹೇಳುತ್ತೇನೆ, ಏಕೆಂದರೆ ಕೇಳಿದವರು ಆಮೇಲೆ ಅವರು ಏನೆಂದರು, ನಾಚಿಕೆಯಾಯಿತೇ ಎಂದು ಕೇಳುತ್ತಾರೆ. ಆಗಲಿಲ್ಲ. ಪೋಷಕರು ಸಹಕರಿಸಲಿಲ್ಲ ಎಂದು ಬರೆದುಕೊಂಡರು.

"ಹೋಗಣ ನಡೀರಿ ಮಿಸ್," ಎಂದಳು ಅಮ್ಮ. ಸಹಿ ಮಾಡದೆ ಎದ್ದಳು. ಸಹಿ ಇಲ್ಲದೆ ಯಾರೂ ಹುಡುಗಿಯನ್ನು ಶಾಲೆಯಿಂದ ಬಿಡಿಸುವ ಹಾಗಿಲ್ಲ. ಆದ್ದರಿಂದ ಅವಳು ಇನ್ನೂ ನನ್ನ ತರಗತಿಯಲ್ಲಿದ್ದಾಳೆ.

ಆಮೇಲೆ ಪುಸ್ತಕವನ್ನು ಹೊಸದಾಗಿ ಅಚ್ಚು ಹಾಕಿಸಿದರು. ಹೊಳೆಯುವ ಕಾಗದ, ಗೆರೆ ಇಲ್ಲ. ಮೇಲೆ ಪರಿಷ್ಕೃತ ಎಂದು ಬರೆದಿದೆ. ಯಾಕೆ ಎಂದು ಕೇಳಬಾರದೆಂಬ ನಿಯಮ ಅಲ್ಲೇ ಇದೆ. ನೀರು ಕೊಡುತ್ತೇನೆ ಎಂದರೆ ಇನ್ನೂ ಸೊನ್ನೆ. ಕೊನೆಯ ಪುಟದಲ್ಲಿ ಸಹಕರಿಸಿದವರಿಗೆ ವಂದನೆ ಹೇಳಿ ನನ್ನ ಹೆಸರನ್ನೂ ಹಾಕಿದ್ದಾರೆ. ತೆಗೆಯಿರಿ ಎಂದು ಬರೆದೆ. ಮುಂದಿನ ಮುದ್ರಣದಲ್ಲಿ ಪರಿಶೀಲಿಸುತ್ತೇವೆ ಎಂದರು.

ಗೆರೆ ಬಿದ್ದ ಆ ಪುಸ್ತಕ ನಮ್ಮ ಶಾಲೆಗೆ ಬರುವ ಮೊದಲು ಎಲ್ಲೆಲ್ಲಿ ಹೋಗಿತ್ತು? ಕೇಳಿದೆ. ಗೋಪ್ಯ ಎಂದರು. ಕೈವಾರದ ಮೇಷ್ಟ್ರಿಗೆ ಫೋನು ಮಾಡಿದೆ. ಮುರುಗಮಲ್ಲದ ಹತ್ತಿರದ ಒಂದು ಶಾಲೆಗೂ ಬಂದಿತ್ತು ಎಂದರು. "ಅಲ್ಲೊಬ್ಬ ಹುಡುಗನ್ನ ಕಳಿಸಿಬಿಟ್ರು ಮೇಡಂ. ಅವರಪ್ಪ ಸಹಿ ಹಾಕ್ದ. ದೊಡ್ಡೋರು ಹೇಳ್ತಾರೆ ಅಂತ." ಅವನ ಮನೆಯಲ್ಲಿ ಹುಳು ಸಾಕುತ್ತಾರಾ ಎಂದು ಕೇಳಿದೆ. ಮೇಷ್ಟ್ರು ಸದಾ ತಮಾಷೆ ಮಾಡುವ ಮನುಷ್ಯ. "ಕೇಳ್ಬೇಡಿ ಮೇಡಂ," ಎಂದರು.

ಆ ಹುಡುಗನಿಗೆ ಕೇಂದ್ರ ಬೇಕಿತ್ತೋ, ಅಥವಾ ಅವನೂ ಗೆರೆಯನ್ನೇ ತೋರಿಸಿದ್ದನೋ, ನನಗೆ ತಿಳಿಯದು. ತಿಳಿದಿದೆ ಎಂದು ನಟಿಸಲಾರೆ. ತಿಳಿಯುವ ದಾರಿಯನ್ನೇ ಅವರು ಮುಚ್ಚಿದ್ದಾರೆ. ನನ್ನ ನಿದ್ದೆ ಕೆಡಿಸುವುದು ಅದು.

ನನ್ನ ಹುಡುಗಿ ಉಳಿದಳು ಎಂದು ಎಲ್ಲರೂ ಹೇಳುತ್ತಾರೆ. ಉಳಿದಳು. ಆದರೆ ಚಿಕ್ಕಬಳ್ಳಾಪುರದ ಆ ಕೋಣೆಯಲ್ಲಿ ಅವಳೂ ಕೂತಿದ್ದಳು, ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಕೆಲವು ವಾರಗಳ ಮೇಲೆ ಅಜ್ಜಿ ಶಾಲೆಯ ಗೇಟಿನ ಹತ್ತಿರ ನನ್ನನ್ನು ನಿಲ್ಲಿಸಿ ಹೇಳಿದಳು.

"ಟೀಚರಮ್ಮ, ಇವಳಿಗೆ ಏನೋ ಆಗೈತೆ. ಮೊದ್ಲು ಗೂಡು ಪಟಪಟ ಅಂತ ಆರಿಸ್ತಿದ್ಲು. ಈಗ ಒಂದೊಂದು ಎತ್ತಿ ನನ್ನ ಮಖ ನೋಡ್ತಾಳೆ. ಇದಾ ಅವ್ವಾ, ಇದಾ ಅಂತಾಳೆ. ದೃಷ್ಟಿ ತೆಗೆಸ್ದೆ, ಹೋಗ್ಲಿಲ್ಲ."

ಕ್ಲಾಸಿನಲ್ಲೂ ಅದೇ. ಬೋರ್ಡಿನ ಮೇಲೆ ಏನು ಬರೆದು ತೋರಿಸು ಎಂದರೂ ಅವಳ ಬೆರಳು ಏಳುತ್ತದೆ, ಗಾಳಿಯಲ್ಲಿ ನಿಲ್ಲುತ್ತದೆ. ಕಣ್ಣು ನನ್ನ ಮುಖಕ್ಕೆ ಬರುತ್ತದೆ. ನನ್ನ ಮುಖದಲ್ಲಿ ಹೌದು ಕಂಡರೆ ಬೆರಳು ಇಳಿಯುತ್ತದೆ, ಇಲ್ಲ ಕಂಡರೆ ಪಕ್ಕಕ್ಕೆ ಸರಿಯುತ್ತದೆ. ಈಗ ಅವಳಿಗೆ ತಪ್ಪುಗಳು ಕಡಿಮೆ. ಇವತ್ತು ಅದೇ ಪರೀಕ್ಷೆ ಕೊಟ್ಟರೆ, ಎದುರಿಗೆ ಕೂತವರ ಮುಖ ಓದಿಕೊಂಡು, ಬಹುಶಃ ಪಾಸಾಗುತ್ತಾಳೆ. ಮಗು ಸುಧಾರಿಸಿದೆ ಎಂದು ಬರೆದಾರು.

ನಿನ್ನೆ ಮಕ್ಕಳೆಲ್ಲ ಊಟಕ್ಕೆ ಹೋದ ಮೇಲೆ ಅವಳನ್ನು ಉಳಿಸಿಕೊಂಡೆ. ನಾಲ್ಕು ಚಿತ್ರ ಬರೆದ ಹಾಳೆಯನ್ನು ಮೇಜಿನ ಮೇಲಿಟ್ಟೆ. ಮೇಕೆಯ ಕುತ್ತಿಗೆಯ ಮೇಲೆ ಕಪ್ಪು ಪೆನ್ನಿನಿಂದ ನಾನೇ ಒಂದು ಗೆರೆ ಎಳೆದಿದ್ದೆ. ಯಾವುದು ಇರಬಾರದು ಎಂದು ಕೇಳಿದೆ. ಬೆರಳು ಎದ್ದಿತು, ನಿಂತಿತು, ಕಣ್ಣು ನನ್ನ ಕಡೆ ಬಂತು. ನಾನು ಅವಳಿಗೆ ಬೆನ್ನು ಮಾಡಿ ಕಿಟಕಿಯ ಕಡೆ ತಿರುಗಿ ನಿಂತೆ. ಹೊರಗೆ ಮಕ್ಕಳು ತಟ್ಟೆ ತೊಳೆಯುವ ಸದ್ದು. ಬಹಳ ಹೊತ್ತಾಯಿತು. ಅವಳ ಉಸಿರು ಕೇಳುತ್ತಿತ್ತು. ಆಮೇಲೆ ಹಾಳೆಯನ್ನು ಮೇಜಿನಿಂದ ಎತ್ತಿದ ಸದ್ದು.

ತಿರುಗಬೇಕೆನ್ನಿಸಿತು. ತಿರುಗಲಿಲ್ಲ.

"ತೋರಿಸ್ದೆ ಮಿಸ್," ಎಂದಳು.

"ಯಾಕೆ ಅದು?" ಎಂದು ಕಿಟಕಿಯನ್ನು ನೋಡುತ್ತಲೇ ಕೇಳಿದೆ. ಅವಳು ಹೇಳುವ ತನಕ ಹಾಗೆಯೇ ನಿಂತಿದ್ದೆ.